ಕೀಲೆಣ್ಣೆ ಗೊಟ್ಟ

ಫೆಬ್ರುವರಿಯ ಕೊನೆಯ ಭಾನುವಾರ. ಹಿರಿಯೂರು ಸೀಮೆಯ ನಮ್ಮೂರಿನಲ್ಲಿ ಬೆಳಗಿನ ಒಂಬತ್ತಕ್ಕೇ ಬಿಸಿಲು ಬೆನ್ನು ಹತ್ತಿ ಕೂತಿತ್ತು. ದೊಡ್ಡಪ್ಪನ ತೆಂಗಿನ ತೋಟದ ಸಿಮೆಂಟ್ ತೊಟ್ಟಿಯೊಳಗೆ ಎರಡು ಮರದ ಗಾಲಿಗಳು ಎಮ್ಮೆಗಳ ಹಾಗೆ ಮುಳುಗಿ ಮಲಗಿದ್ದವು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಅರೆಗಳು ಗುಂಬಕ್ಕೆ ಸೇರುವ ಸಂದಿನಿಂದ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೇಳುತ್ತಿದ್ದವು. ಒಣಗಿದ ಮರ ನೀರು ಕುಡಿಯುವ ಸದ್ದೇನೂ ಕೇಳದು, ಗುಳ್ಳೆ ಮಾತ್ರ ಕಾಣುತ್ತದೆ. ನೀರಿನ ಮೇಲೆ ನವಿಲುಗರಿ ಬಣ್ಣದ ಎಣ್ಣೆಯ ಪೊರೆ ತೇಲುತ್ತಿತ್ತು. ಎಷ್ಟೋ ವರ್ಷದ ಹಿಂದೆ ಗುಂಬಕ್ಕೆ ಹಾಕಿದ ಎಣ್ಣೆ ಈಗ ಬಿಡುತ್ತಿತ್ತು.

"ಇವತ್ತಿಗೆ ಮೂರನೇ ದಿನ. ಇನ್ನೂ ಕುಡಿತಾನೇ ಐತೆ ನೋಡು" ಎಂದರು ದೊಡ್ಡಪ್ಪ, ಕುಡಿಯುವ ನೆಂಟನ ಬಗ್ಗೆ ಹೇಳುವ ದನಿಯಲ್ಲಿ.

ಊರ ಜಾತ್ರೆಗೆ ಎರಡು ವಾರವಿತ್ತು. ಜಾತ್ರೆಯಲ್ಲಿ ಪಾನಕದ ಬಂಡಿ ಹೋಗಬೇಕು. ಈಗ ಊರಲ್ಲಿ ಇರುವ ನಾಲ್ಕೈದು ಗಾಡಿಗಳೂ ಟೈರ್ ಗಾಡಿಗಳೇ. ಕಬ್ಬಿಣದ ಅಚ್ಚು, ಬೇರಿಂಗು, ಹಳೆ ಲಾರಿಯ ಟೈರು. ಅವುಗಳಲ್ಲಿ ಪಾನಕ ಹೊರಲು ದೊಡ್ಡಪ್ಪ ಒಪ್ಪಲಿಲ್ಲ. ದೇವರಿಗೇನೂ ಅಡ್ಡಿ ಇದ್ದಂತಿರಲಿಲ್ಲ, ಇವರಿಗೆ ಇತ್ತು. ಹಾಗಾಗಿ ಕೊಟ್ಟಿಗೆಯ ಅಟ್ಟದಿಂದ ಹಳೇ ಗಾಲಿಗಳು ಇಳಿದು ತೊಟ್ಟಿಗೆ ಬಂದಿದ್ದವು.

ಆ ಹೊತ್ತಿಗೆ ನನ್ನ ಫೋನಿಗೆ ಮಿನ್ನೆಸೋಟಾದಿಂದ ಒಂದು ವಿಡಿಯೊ ಬಂತು. ಕಳಿಸಿದವನು ದೊಡ್ಡಪ್ಪನ ಮೊಮ್ಮಗ. ಅಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ಗೆಳೆಯರ ಜೊತೆ ಉತ್ತರದ ಕಾಡಿಗೆ ಹೋಗಿ ಬಾಡಿಗೆಗೆ ಸ್ನೋಮೊಬೈಲ್ ಓಡಿಸಿದ್ದ. ವಿಡಿಯೊದಲ್ಲಿ ಎರಡೂ ಕಡೆ ಪೈನ್ ಮರ, ನಡುವೆ ಕನ್ನಡಿಯಂಥ ಬಿಳೀ ದಾರಿ. ದಾರಿ ಬದಿಯಲ್ಲಿ ನಿಂತ ಗಾಡಿಯ ಮೇಲೆ ಇವನು ಎರಡೂ ಕೈಯಲ್ಲಿ ಹಿಮ ಬಾಚಿ ಬಾಚಿ ಎರಚುತ್ತಿದ್ದಾನೆ. ಹಿಮ ಬಿದ್ದಲ್ಲೆಲ್ಲ ಚುಯ್ಯೆಂದು ಹಬೆ.

ದೊಡ್ಡಪ್ಪ ಕನ್ನಡಕ ಮೇಲೇರಿಸಿ ನೋಡಿದರು. "ಅದ್ಯಾಕೋ ಗಾಡಿ ಮೈಮ್ಯಾಲೆ ಸುಣ್ಣ ಎರಚ್ತಾನೆ?"

"ಸುಣ್ಣ ಅಲ್ಲ ದೊಡ್ಡಪ್ಪ, ಹಿಮ. ಗಾಡಿ ಕಾದೈತಂತೆ."

"ಹಿಮದಾಗೆ ಕಾಯ್ತದಾ?"

ಇದು ಸರಿಯಾದ ಪ್ರಶ್ನೆ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿಯಲ್ಲಿ ಎಂಜಿನ್ ಯಾಕೆ ಕಾಯಬೇಕು? ನನಗೂ ಗೊತ್ತಿರಲಿಲ್ಲ. ಹುಡುಗನಿಗೆ ಫೋನು ಹಚ್ಚಿ, ಆಮೇಲೆ ನಾನೂ ಒಂದಷ್ಟು ಓದಿಕೊಂಡು ತಿಳಿದದ್ದು ಇಷ್ಟು.

ಸ್ನೋಮೊಬೈಲಿಗೆ ಮುಂದೆ ಎರಡು ಜಾರುಹಲಗೆ, ಹಿಂದೆ ಚಕ್ರದ ಬದಲು ರಬ್ಬರಿನ ಅಗಲ ಪಟ್ಟಿ. ಪಟ್ಟಿ ಸುತ್ತುತ್ತಾ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ, ಗಾಡಿ ಮುಂದಕ್ಕೆ ಓಡುತ್ತದೆ. ಆ ಪಟ್ಟಿಯ ಒಳಮೈ ಮೇಲೆ ಗಾಡಿಯ ಭಾರ ಹೊತ್ತು ಕೂತಿರುವುದು ಎರಡು ಅಲ್ಯುಮಿನಿಯಂ ಹಳಿಗಳು. ಹಳಿಗಳ ತಳಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಉದ್ದ ಸೀಳುಗಳನ್ನು ಹೊದಿಸಿರುತ್ತಾರೆ. ಪಟ್ಟಿಗೆ ಬಡಿದ ಲೋಹದ ಕ್ಲಿಪ್ಪುಗಳು ಈ ಪ್ಲಾಸ್ಟಿಕ್ ಮೇಲೆ ನಿಮಿಷಕ್ಕೆ ನೂರಾರು ಸಲ ಜಾರಿಕೊಂಡು ಹೋಗಬೇಕು. ಅಲ್ಲಿಗೆ ಎಣ್ಣೆಯಿಲ್ಲ, ಗ್ರೀಸಿಲ್ಲ. ಪಟ್ಟಿ ಎಬ್ಬಿಸುವ ಹಿಮದ ಪುಡಿಯೇ ಎಣ್ಣೆ. ತಿಕ್ಕಾಟದ ಕಾವಿಗೆ ಅದು ಚೂರು ಕರಗಿ ತೆಳ್ಳನೆಯ ನೀರಿನ ಪೊರೆಯಾಗುತ್ತದೆ, ಆ ಪೊರೆಯ ಮೇಲೆ ಗಾಡಿ ಜಾರುತ್ತದೆ. ಎಂಜಿನ್ನಿನ ಕಥೆಯೂ ಅದೇ. ನೀರಿನಿಂದ ತಂಪಾಗುವ ಎಂಜಿನ್ನುಗಳಿಗೆ ನಮ್ಮ ಟ್ರ್ಯಾಕ್ಟರಿನ ಮೂತಿಯಲ್ಲಿರುವಂಥ ದೊಡ್ಡ ರೇಡಿಯೇಟರು ಸಾಮಾನ್ಯವಾಗಿ ಇರುವುದಿಲ್ಲ. ಬಿಸಿ ನೀರು ಸವಾರನ ಕಾಲ ಕೆಳಗೆ, ಪಟ್ಟಿಯ ಮೇಲ್ಗಡೆಯ ಸುರಂಗದಂಥ ಮುಚ್ಚಳದೊಳಗೆ ಕೂರಿಸಿದ ಕೊಳವೆಗಳಲ್ಲಿ ಹರಿಯುತ್ತದೆ. ಪಟ್ಟಿ ಚಿಮ್ಮಿಸಿದ ಹಿಮ ಆ ಕೊಳವೆಗಳಿಗೆ ಬಡಿದು ಕರಗುತ್ತಾ ಕಾವನ್ನು ಹೊತ್ತೊಯ್ಯುತ್ತದೆ. ಒಂದು ಕಿಲೊ ಹಿಮ ಬರೀ ಕರಗುವುದಕ್ಕೆ ನುಂಗುವ ಶಾಖದಲ್ಲಿ ಅಷ್ಟೇ ತೂಕದ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಚಳಿಗಾಳಿ ಎಷ್ಟು ಬೀಸಿದರೂ ಆ ಲೆಕ್ಕಕ್ಕೆ ಬರುವುದಿಲ್ಲ.

ಸಡಿಲ ಹಿಮ ಇರುವ ತನಕ ಇದೆಲ್ಲ ಸುಸೂತ್ರ. ತೊಂದರೆ ಬರುವುದು ಒಳ್ಳೆಯ ದಾರಿಯಲ್ಲಿ. ಅಲ್ಲಿ ಸವಾರಿಗೆಂದೇ ಸಾವಿರಾರು ಕಿಲೊಮೀಟರ್ ದಾರಿಗಳಿವೆ, ರಾತ್ರಿ ಯಂತ್ರ ಹಾಯಿಸಿ ಅವುಗಳನ್ನು ತಟ್ಟಿ ಸಪಾಟು ಮಾಡುತ್ತಾರೆ. ಚಳಿಗಾಲದ ಕೊನೆಗೆ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಆ ದಾರಿ ಕಲ್ಲಾಗುತ್ತದೆ. ಕಣ್ಣಿಗೆ ಹಬ್ಬ, ಓಡಿಸಲು ಸಲೀಸು. ಆದರೆ ಪುಡಿ ಏಳುವುದಿಲ್ಲ. ಪುಡಿ ಏಳದಿದ್ದರೆ ಪ್ಲಾಸ್ಟಿಕ್ ಒಣಗುತ್ತದೆ, ಕೊಳವೆ ಕಾಯುತ್ತದೆ. ಆ ಪ್ಲಾಸ್ಟಿಕ್ 130 ಡಿಗ್ರಿ ಆಸುಪಾಸಿನಲ್ಲಿ ಕರಗುವಂಥದ್ದು. ಮೊದಲು ಸುಟ್ಟ ವಾಸನೆ, ಆಮೇಲೆ ಕ್ಲಿಪ್ಪು ಕಚ್ಚಿಕೊಂಡು ಗಾಡಿ ಭಾರವಾಗುವುದು, ಅಷ್ಟರಲ್ಲಿ ಕೆಂಪು ದೀಪ. ನಮ್ಮ ಹುಡುಗ ದೀಪ ಕಂಡವನೇ ಗಾಡಿ ನಿಲ್ಲಿಸಿ ಹಿಮ ಎರಚಿದ್ದ. ಅಷ್ಟರಮಟ್ಟಿಗೆ ರೈತರ ಮನೆಯ ಕೂಸು.

"ಅಲ್ಲಿಯೋರು ಏನ್ ಮಾಡ್ತಾರಂತೆ?"

ಅಲ್ಲಿಯ ಪಳಗಿದವರು ಆಗಾಗ ದಾರಿ ಬಿಟ್ಟು ಅಂಚಿನ ಸಡಿಲ ಹಿಮಕ್ಕೆ ಇಳಿಸಿ ಒಂದಷ್ಟು ದೂರ ಓಡಿಸಿ ಮತ್ತೆ ದಾರಿಗೆ ಹತ್ತಿಸುತ್ತಾರೆ. ಜೊತೆಗೆ ಹಳಿಗೆ ಬಾಗಿದ ಸ್ಪ್ರಿಂಗ್ ತಂತಿಗಳನ್ನು ಕಟ್ಟಿರುತ್ತಾರೆ. ಅವು ಗಟ್ಟಿ ಹಿಮವನ್ನು ಪರಪರ ಕೆರೆದು ಪುಡಿ ಎಬ್ಬಿಸಿ ಪಟ್ಟಿಯತ್ತ ಎಸೆಯುತ್ತವೆ. ಹಿಂದಕ್ಕೆ ಬಿಡುವಾಗ ಅವನ್ನು ಮೇಲೆತ್ತಿ ಸಿಕ್ಕಿಸಬೇಕು, ಮರೆತರೆ ಕೆಲವು ಲಟಕ್ಕನೆ ಮುರಿಯುತ್ತವೆ.

"ಕೋಳಿ ತಿಪ್ಪೆ ಕೆರೆದಂಗೆ" ಎಂದು ದೊಡ್ಡಪ್ಪ ಒಂದೇ ಮಾತಲ್ಲಿ ಆ ಉಪಕರಣವನ್ನು ಮುಗಿಸಿದರು.

ಅಂದಹಾಗೆ, ಈ ಗಾಡಿಯ ಮೂಲಪುರುಷ ಕೆನಡಾದ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಊರಿನ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ. ಹುಟ್ಟಿದ್ದು 1907ರಲ್ಲಿ. ನಮ್ಮ ಮಾರಿಕಣಿವೆಯ ಕಟ್ಟೆ ಮುಗಿದ ವರ್ಷವೇ ಅದು, ಹಿರಿಯೂರಿನವರು ಮರೆಯದ ಇಸವಿ. ಅವನ ಊರಲ್ಲಿ ಚಳಿಗಾಲವೆಂದರೆ ಹೊರಗೆ ಹಿಮ, ದಾರಿಯಿಲ್ಲ, ಆಸ್ಪತ್ರೆ ದೂರ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗ ಕಾಯಿಲೆ ಬಿದ್ದು ಹಾಗೆಯೇ ತೀರಿಕೊಂಡ. ಹಿಮದ ಮೇಲೆ ಓಡುವ ಗಾಡಿಗಾಗಿ ಅವನು ಅದಕ್ಕೂ ಮೊದಲಿನಿಂದ ತಿಣುಕುತ್ತಿದ್ದ. 1937ರಲ್ಲಿ ಏಳು ಮಂದಿ ಕೂರುವ ಹಿಮಗಾಡಿ ತಂದ. ಈಗಿನ ಸವಾರಿಗಾಡಿಯ ಅಜ್ಜನಾದ ಸ್ಕೀ ಡೂ ಬಂದದ್ದು 1959ರಲ್ಲಿ. ದೊಡ್ಡಪ್ಪನಿಗೆ ಈ ಮಗುವಿನ ಕಥೆ ಹೇಳಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಾತು ಬದಲಿಸಲು ಮಾರಿಕಣಿವೆ ತುಂಬಿ ಹರಿದ ವರ್ಷದ ಮಾತು ತೆಗೆದೆ. 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಆವತ್ತು ಅವರೂ ಕೋಲೂರಿಕೊಂಡು ನೋಡಲು ಹೋಗಿದ್ದರು. ಆಗ ಮುಖ ಸಡಿಲವಾಯಿತು.

ಮಧ್ಯಾಹ್ನ ಊಟವಾದ ಮೇಲೆ ಕೀಲೆಣ್ಣೆಯ ಕೆಲಸಕ್ಕೆ ಕೂತೆವು.

ಗೊಟ್ಟ ಸಿಕ್ಕಿದ್ದು ಕೊಟ್ಟಿಗೆಯ ತೊಲೆಯ ಸಂದಿನಲ್ಲಿ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಬಿದಿರ ಕೊಳವೆ. ಕೆಳಗಡೆ ಗೆಣ್ಣು ಬಿಟ್ಟು ಕೊಯ್ದದ್ದರಿಂದ ತಳ ತಾನಾಗಿಯೇ ಮುಚ್ಚಿದೆ. ಬಾಯಿಯ ಹತ್ತಿರ ಎರಡು ತೂತು, ತೂತಿಗೆ ತೊಗಲ ಬಾರು. ಈ ಬಾರಿನಿಂದ ಅದು ಗಾಡಿಯ ತಳದಲ್ಲಿ ಸದಾ ತೂಗಾಡುತ್ತಿತ್ತು. ಒಳಗೆ ತುದಿಗೆ ಬಟ್ಟೆ ಸುತ್ತಿದ ಒಂದು ಕಡ್ಡಿ. ಕಡ್ಡಿ ಹೊರಗೆಳೆಯಲು ನೋಡಿದೆ, ಬರಲಿಲ್ಲ. ಎಣ್ಣೆ ಬಟ್ಟೆ ಕಡ್ಡಿ ಮೂರೂ ಸೇರಿ ರಾಳದಂತೆ ಗಟ್ಟಿಯಾಗಿದ್ದವು. ಬಿಸಿಲಿಗಿಟ್ಟು ಕಾಯಿಸಿದ ಮೇಲೆ ಬಿಟ್ಟುಕೊಂಡಿತು. ಮೂಗಿನ ಹತ್ತಿರ ಹಿಡಿದೆ. ಹರಳೆಣ್ಣೆ, ಹುಲ್ಲಿನ ಕರಿ, ಕಬ್ಬಿಣ, ದನದ ಮೈ. ನನ್ನ ಆರನೇ ಕ್ಲಾಸಿನ ಬೇಸಿಗೆ ರಜೆ ಇಡೀ ಆ ಕೊಳವೆಯೊಳಗಿತ್ತು.

ದೊಡ್ಡಮ್ಮ ಹಿಂದಿನ ದಿನವೇ ಹರಳು ಹುರಿದು, ಒರಳಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಮತ್ತೆ ಕಾಸಿ ಇಟ್ಟಿದ್ದರು. ಮನೆಯಲ್ಲಿ ಹೀಗೆ ತೆಗೆದ ಎಣ್ಣೆಗೆ ಅಂಗಡಿಯ ಎಣ್ಣೆಯ ತಿಳಿ ಇರುವುದಿಲ್ಲ, ಜೇನಿನ ಬಣ್ಣ, ಜೇನಿನಷ್ಟೇ ಸೋಮಾರಿ. ಅರ್ಧ ತಲೆಗೆ, ಅರ್ಧ ಗಾಡಿಗೆ ಎಂದು ಅವರ ಕಾಲದ ಪಾಲು. ನಮ್ಮ ಜಿಲ್ಲೆಗೆ ಎಣ್ಣೆ ಹೊಸದಲ್ಲ. ಪಕ್ಕದ ಚಳ್ಳಕೆರೆಗೆ ಕಡಲೆಕಾಯಿ ಗಿರಣಿಗಳ ದೆಸೆಯಿಂದ ಎಣ್ಣೆ ನಗರಿ ಎಂದೇ ಹೆಸರು. ಚಿತ್ರದುರ್ಗದ ಕೋಟೆಯಲ್ಲಿ ಎಣ್ಣೆ ಕೊಳವೇ ಇದೆ. ಆದರೆ ಗಾಡಿಯ ಅಚ್ಚಿಗೆ ಕಡಲೆಕಾಯಿ ಎಣ್ಣೆ ಹಾಕಿದವರನ್ನು ನಾನು ಕಂಡಿಲ್ಲ. ಅದು ತೆಳು, ಓಡಿಹೋಗುತ್ತದೆ. ಹರಳೆಣ್ಣೆ ಓಡುವುದಿಲ್ಲ, ಅಂಟಿಕೊಳ್ಳುತ್ತದೆ.

ಯಾಕೆ ಅಂಟುತ್ತದೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 90ರ ಆಸುಪಾಸು ರಿಸಿನೋಲಿಕ್ ಆಮ್ಲ. ಅದರ ಸರಪಳಿಯ ನಡುವೆ ಜಲಜನಕ, ಆಮ್ಲಜನಕ ಕೂಡಿದ ಒಂದು ಕೊಂಡಿ ಇದೆ, ಅಡಿಗೆ ಎಣ್ಣೆಗಳಲ್ಲಿ ಅದು ಇರುವುದಿಲ್ಲ. ಆ ಕೊಂಡಿಯ ದೆಸೆಯಿಂದ ಎಣ್ಣೆಯ ಕಣಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಲೋಹವನ್ನೂ ಹಿಡಿಯುತ್ತವೆ. ಮೊದಲ ಮಹಾಯುದ್ಧದ ವಿಮಾನಗಳ ಸುತ್ತುವ ಎಂಜಿನ್ನುಗಳಿಗೆ ಇದೇ ಎಣ್ಣೆ ಹಾಕುತ್ತಿದ್ದರು, ಪೆಟ್ರೋಲು ಇದನ್ನು ಸುಲಭಕ್ಕೆ ತೊಳೆದು ಹಾಕಲಾರದು ಎಂದು. ಎಂಜಿನ್ನು ಉಗುಳಿದ ಎಣ್ಣೆ ಪೈಲಟ್ಟುಗಳ ಮುಖಕ್ಕೆ ಸಿಡಿಯುತ್ತಿತ್ತು, ಹೊಟ್ಟೆಗೂ ಹೋಗುತ್ತಿತ್ತು. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ತನ್ನ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿದ್ದೂ ಇದೇ ಹರಳಿನ ಇಂಗ್ಲಿಷ್ ಹೆಸರಿನಿಂದ. ಹಿರಿಯೂರಿನ ಪೇಟೆಯಲ್ಲಿ ಆ ಬೋರ್ಡು ಕಂಡಾಗಲೆಲ್ಲ ನನಗೆ ದೊಡ್ಡಮ್ಮನ ಸೌಟು ನೆನಪಾಗುತ್ತದೆ.

ದೊಡ್ಡಪ್ಪ ರಾಗಿ ಹುಲ್ಲಿನ ಒಂದು ಸಿವುಡು ಸುಟ್ಟು, ಕರಿಯನ್ನು ಅಂಗೈಯಲ್ಲಿ ತಿಕ್ಕಿ ನುಣ್ಣಗೆ ಮಾಡಿ ಎಣ್ಣೆಗೆ ಬೆರೆಸಿದರು. ಬೂದಿ ಅಲ್ಲ, ಕರಿ. ಬಿಳೀ ಬೂದಿ ಬಂದರೆ ಅದು ಅಚ್ಚನ್ನು ತೇಯುತ್ತದಂತೆ. ಹದ ನೋಡಲು ಕಡ್ಡಿ ಎತ್ತಿ ಹಿಡಿದರು. ತುದಿಯಿಂದ ಕಪ್ಪು ನೂಲು ಇಳಿಯಿತು, ತುಂಡಾಗದೆ ಇಳಿಯಿತು, ಕೊನೆಗೆ ಒಂದು ಹನಿಯಾಗಿ ಕಳಚಿತು. "ಈಗ ಸರಿ."

ಗಾಡಿಗೆ ಊರುಗೋಲು ಕೊಟ್ಟು ಎತ್ತಿ, ನೀರಿನಿಂದ ಬಂದ ಗಾಲಿಯನ್ನು ಅಚ್ಚಿಗೆ ಅರ್ಧ ತೂರಿಸಿ ನಿಲ್ಲಿಸಿದೆವು. ಗುಂಬದೊಳಗಿನ ಕಬ್ಬಿಣದ ಬುಷ್ಷಿಗೂ ಅಚ್ಚಿಗೂ ಕಡ್ಡಿ ಆಡಿಸಿ ಎಣ್ಣೆ ಬಳಿದು, ಗಾಲಿಯನ್ನು ಪೂರ್ತಿ ನೂಕಿ, ಕಡಾಣಿ ಬಡಿದದ್ದಾಯಿತು. ದೊಡ್ಡಪ್ಪ ಒಂದು ಬೆರಳಲ್ಲಿ ಗಾಲಿಯನ್ನು ತಳ್ಳಿದರು. ಅದು ಮೂರು ಸುತ್ತು ಸುತ್ತಿತು, ಸದ್ದಿಲ್ಲದೆ.

ನೀರಿನಲ್ಲಿ ಮೂರು ದಿನ ಇಟ್ಟಿದ್ದರ ಗುಟ್ಟು ಹೊರಸುತ್ತಿನ ಕಬ್ಬಿಣದ ಹಳಿಯಲ್ಲಿದೆ. ಬಯಲುಸೀಮೆಯ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ, ಹಳಿ ಸಡಿಲಾಗಿ ಗಲಗಲ ಎನ್ನುತ್ತದೆ. ನೆನೆಸಿದರೆ ಮರ ಊದಿ ಹಳಿಯನ್ನು ಒಳಗಿನಿಂದ ಒದ್ದು ಹಿಡಿಯುತ್ತದೆ. ಹಿಂದೆ ಸಂಜೆ ಗಾಡಿಗಳನ್ನು ಹಳ್ಳದ ನೀರಿಗೆ ಇಳಿಸಿ ನಿಲ್ಲಿಸುತ್ತಿದ್ದುದೂ ಇದಕ್ಕೇ. ಎತ್ತಿಗೂ ತಂಪು, ಗಾಲಿಗೂ ತಂಪು.

ಹಳಿ ಕಟ್ಟುವುದನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದೇನೆ. ಊರ ಹೊರಗಿನ ಬಯಲಿನಲ್ಲಿ ಹಳಿಯನ್ನು ನೆಲಕ್ಕೆ ಮಲಗಿಸಿ ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಕೊಟ್ಟಿದ್ದರು. ಹಳಿಯ ಅಳತೆ ಗಾಲಿಗಿಂತ ಕೂದಲೆಳೆ ಚಿಕ್ಕದಿರುತ್ತದೆ, ಬೇಕೆಂದೇ. ಕಾದು ಕೆಂಪಾದಾಗ ಹಿಗ್ಗುತ್ತದೆ. ಒಂದೂವರೆ ಮೀಟರ್ ಅಡ್ಡಳತೆಯ ಕಬ್ಬಿಣದ ಬಳೆ 500 ಡಿಗ್ರಿ ಕಾದರೆ ಅಡ್ಡಳತೆಯಲ್ಲಿ ಸುಮಾರು 9 ಮಿಲಿಮೀಟರ್ ಹೆಚ್ಚಾಗುತ್ತದೆ. ಆಚಾರ್ರಿಗೆ ಆ ಲೆಕ್ಕ ಹೆಬ್ಬೆರಳ ಉಗುರಿನಲ್ಲಿತ್ತು. ನಾಲ್ಕು ಜನ ಉದ್ದನೆಯ ಇಕ್ಕಳಗಳಲ್ಲಿ ಹಳಿ ಎತ್ತಿ ತಂದು ಗಾಲಿಯ ಮೇಲೆ ಕೂರಿಸಿದ ಕೂಡಲೇ ಜಾಲಿಮರದ ಅಂಚು ಭಗ್ಗೆಂದು ಹೊತ್ತಿಕೊಂಡಿತು. "ನೀರು! ನೀರು!" ಎಂದು ಕೂಗು. ಹೆಂಗಸರು ಸಾಲಾಗಿ ನಿಂತಿದ್ದವರು ಕೊಡ ಬಗ್ಗಿಸಿದರು. ಬಿಳೀ ಹಬೆಯೊಳಗೆ ಯಾರೂ ಕಾಣಲಿಲ್ಲ. ಹಬೆಯೊಳಗಿನಿಂದ ಮರದ ಸಂದುಗಳು ಬಿಗಿದುಕೊಳ್ಳುವ ಟಕ್ ಟಕ್ ಮಾತ್ರ ಕೇಳುತ್ತಿತ್ತು. ಮೊಮ್ಮಗ ಕಳಿಸಿದ ವಿಡಿಯೊದ ಹಬೆ ನೋಡಿದಾಗ ನನಗೆ ಮೊದಲು ನೆನಪಾದದ್ದು ಇದು.

ಆದರೂ ಈ ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹಿಮದ ಪುಡಿ ಅಲ್ಲಿಯ ಗಾಡಿಗೆ ಎಣ್ಣೆ. ನಮ್ಮ ದಾರಿಯ ಧೂಳು ಗುಂಬದೊಳಗೆ ಹೊಕ್ಕರೆ ಅರ. ಅದಕ್ಕೇ ಎಣ್ಣೆ ಹಾಕುವ ಮುಂಚೆ ಹಳೆಯ ಮಸಿಯನ್ನು ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಅಲ್ಲಿಯ ಚಳಿಗೆ ದೊಡ್ಡಮ್ಮನ ಎಣ್ಣೆ ಒಯ್ದರೆ ಬೆಲ್ಲದ ಪಾಕದ ಹಾಗೆ ಬಿರುಸಾದೀತು. ಒಂದು ವಿಷಯ ಮಾತ್ರ ಎರಡೂ ಕಡೆ ಒಂದೇ: ದಾರಿ ಗಟ್ಟಿಯಾದಷ್ಟೂ ಗಾಡಿ ಸೊರಗುತ್ತದೆ. ಎರೆಮಣ್ಣಿನ ಗಾಡಿದಾರಿಯಲ್ಲಿ ನೂರು ಮೂಟೆ ಕಂಡ ಗಾಲಿಗಳು ಡಾಂಬರು ಬಂದ ಮೇಲೆ ಬೇಗ ಬೇಗ ಸಡಿಲಾದವು ಎಂದು ದೊಡ್ಡಪ್ಪ ಹೇಳುತ್ತಾರೆ. ಮಣ್ಣು ಪೆಟ್ಟನ್ನು ತಾನು ತಿನ್ನುತ್ತಿತ್ತು. ಡಾಂಬರು ಅದನ್ನು ಹಾಗೆಯೇ ಅರೆಗಳಿಗೆ ವಾಪಸು ಕೊಡುತ್ತದೆ. ರಸ್ತೆ ಬೇಡಿ ಅರ್ಜಿ ಕೊಟ್ಟವರ ಪೈಕಿ ಅವರೂ ಒಬ್ಬರು, ಅದನ್ನೂ ಅವರೇ ಹೇಳುತ್ತಾರೆ.

ಸಂಜೆ ದುರ್ಗಕ್ಕೆ ವಾಪಸು ಬರುವಾಗ ಹೆದ್ದಾರಿಯಲ್ಲಿ ಬಾನೆಟ್ ಎತ್ತಿ ನಿಂತ ಲಾರಿಯೊಂದು ಕಂಡಿತು. ಕ್ಲೀನರ್ ಹುಡುಗ ರೇಡಿಯೇಟರಿಗೆ ದೂರದಿಂದಲೇ ಬಾಟಲಿಯಲ್ಲಿ ನೀರು ಎರಚುತ್ತಿದ್ದ. ಮುಚ್ಚಳ ತೆಗೆಯಲು ಕೈ ಹಾಕಿರಲಿಲ್ಲ, ಬಲ್ಲವನು. ದೂರದಲ್ಲಿ ಜೋಗಿಮಟ್ಟಿಯ ಕಡೆಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನೆಲದಿಂದ ನೋಡಿದರೆ ಅವಕ್ಕೆ ಯಾವ ಆತುರವೂ ಇಲ್ಲ. ಆದರೆ ಹಲವುಗಳ ನೆತ್ತಿಯ ಡಬ್ಬದೊಳಗೆ ನಿಮಿಷಕ್ಕೆ ಹದಿನೈದಿಪ್ಪತ್ತು ಸುತ್ತನ್ನು ಸಾವಿರದ ಲೆಕ್ಕಕ್ಕೆ ಏರಿಸುವ ಹಲ್ಲುಗಾಲಿಗಳಿರುತ್ತವೆ, ಎಣ್ಣೆ ಹರಿಯುತ್ತಿರುತ್ತದೆ, ಆ ಎಣ್ಣೆಯನ್ನು ತಣಿಸಲು ಮತ್ತೊಂದು ಫ್ಯಾನು ತಿರುಗುತ್ತಿರುತ್ತದೆ. ಗಾಳಿಯಿಂದ ಓಡುವುದಕ್ಕೂ ಗಾಳಿ ಹಾಕಬೇಕು.

ಜಾತ್ರೆಯ ದಿನ ಪಕ್ಕದ ಊರಿಂದ ಹಳ್ಳಿಕಾರ್ ಜೋಡಿ ಬಂತು. ನಮ್ಮೂರಲ್ಲಿ ಈಗ ಗಾಡಿಗೆ ಪಳಗಿದ ಎತ್ತಿಲ್ಲ. ಬಂಡಿಗೆ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವು. ಒಳಗೆ ಬೆಲ್ಲ, ನಿಂಬೆ, ಏಲಕ್ಕಿ, ಮೆಣಸಿನ ಪಾನಕದ ನಾಲ್ಕು ಹಂಡೆ. ತಳದಲ್ಲಿ ಗೊಟ್ಟ ತೂಗುತ್ತಿತ್ತು, ಅದಕ್ಕೂ ಯಾರೋ ಒಂದು ಹೂವು ಸಿಕ್ಕಿಸಿದ್ದರು. ಊರೊಳಗಿನ ಬೀದಿ ಈಗ ಪೂರ್ತಿ ಸಿಮೆಂಟು. ಹಳಿ ಸಿಮೆಂಟಿಗೆ ತಾಗಿದ್ದೇ ತಡ, ಹಲ್ಲು ಕಡಿದಂಥ ಸದ್ದು. ಡೊಳ್ಳಿನವರೂ ಒಮ್ಮೆ ತಿರುಗಿ ನೋಡಿದರು. ಎರಡನೇ ಓಣಿ ದಾಟುವಷ್ಟರಲ್ಲಿ ಬಲಗಾಲಿ ಸಣ್ಣಗೆ ಕಿರ್ರೆಂದಿತು. ದೊಡ್ಡಪ್ಪ ಗಾಡಿ ನಿಲ್ಲಿಸಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಗುಂಬಕ್ಕೆ ಬೆರಳ ಹಿಂಭಾಗ ಇಟ್ಟರು. ಗೊಟ್ಟ ಬಿಚ್ಚಿದರು. ಕಡ್ಡಿ ಆಡಿತು. ಕಿರ್ರು ನಿಂತಿತು, ಕಡಿಯುವ ಸದ್ದು ನಿಲ್ಲಲಿಲ್ಲ.

"ಅಂಚಿಗೆ ಇಳ್ಸೋ" ಎಂದರು ಗಾಡಿ ಹೊಡೆಯುವ ಹುಡುಗನಿಗೆ.

"ಗಾಡಿ ವಾಲ್ತದೆ ತಾತ, ಪಾನಕ ಚೆಲ್ತದೆ."

"ಚೆಲ್ಲಲಿ. ಒಂದ್ ಗಾಲಿ ಇಳ್ಸು."

ಹುಡುಗ ಮೂಕಿ ತಿರುಗಿಸಿದ. ಎಡಗಾಲಿ ಸಿಮೆಂಟಿನ ಅಂಚು ದಾಟಿ ಮಣ್ಣಿಗೆ ಇಳಿಯಿತು. ಮೆರವಣಿಗೆ ಬರುತ್ತದೆಂದು ಹೆಂಗಸರು ಮನೆ ಮುಂದೆಲ್ಲ ಕೊಡಗಟ್ಟಲೆ ನೀರು ಹಾಕಿದ್ದರು, ಮಣ್ಣು ಇನ್ನೂ ಹಸಿ ಇತ್ತು. ಸದ್ದು ಅರ್ಧಕ್ಕರ್ಧ ಇಳಿಯಿತು. ಬಂಡಿ ಒಂದು ಕಡೆಗೆ ವಾಲಿಕೊಂಡು, ಹಂಡೆಯಿಂದ ಚೂರು ಚೂರು ಪಾನಕ ಚೆಲ್ಲುತ್ತಾ ಹೊರಟಿತು. ನಾನು ಫೋನು ತೆಗೆದು ಗಾಲಿಯ ಹತ್ತಿರಕ್ಕೆ ಹಿಡಿದು ವಿಡಿಯೊ ಮಾಡಿದೆ. ಹಸಿಮಣ್ಣಿನಲ್ಲಿ ಒಂದೇ ಗೆರೆ ಮೂಡುತ್ತಾ ಹೋಗುತ್ತಿತ್ತು, ಗೆರೆಯ ಪಕ್ಕದಲ್ಲಿ ಪಾನಕಕ್ಕೆ ಆಗಲೇ ಇರುವೆ ಬಂದಿದ್ದವು. ಅದನ್ನು ಮಿನ್ನೆಸೋಟಾಗೆ ಕಳಿಸಿದೆ. ಅಲ್ಲಿ ಆಗ ನಡುರಾತ್ರಿ. ಬೆಳಗಾದ ಮೇಲೆ ನೋಡುತ್ತಾನೆ.